ಕೋವಿಯ ಮರಕ್ಕೆ ಬಣ್ಣ ಏರಿಸಿದ ದಿನ

18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಕಸುಬುದಾರರು ರೂಪಿಸಿದ ಉದ್ದ ನಳಿಗೆಯ ಕೋವಿಯನ್ನು ಇಲ್ಲಿ ಅಮೆರಿಕದ ಹವ್ಯಾಸಿಗಳು ಈಗಲೂ ಮನೆಯ ಶೆಡ್ಡಿನಲ್ಲೇ ಕಟ್ಟುತ್ತಾರೆ. ನಳಿಗೆಯನ್ನೂ ಚಕಮಕಿ ಕಲ್ಲಿನಿಂದ ಮದ್ದಿಗೆ ಕಿಡಿ ಹಾರಿಸುವ ಲಾಕನ್ನೂ ನುರಿತ ತಯಾರಕರಿಂದ ಕೊಳ್ಳುವುದು ರೂಢಿ. ಮನೆಯಲ್ಲಿ ಉಳಿಯುವುದು ಹೆಚ್ಚಾಗಿ ಮರಗೆಲಸ. ಆ ಶನಿವಾರ ಬೆಂಚಿನ ಮೇಲಿದ್ದದ್ದು ಅದರ ಕಡೆಯ ಹಂತ: ಪಟ್ಟೆ ಮೇಪಲ್ ಮರದ ಸ್ಟಾಕ್‌ಗೆ, ಅಂದರೆ ನಳಿಗೆಯನ್ನೂ ಲಾಕನ್ನೂ ಹೊತ್ತ ಮರದ ಭಾಗಕ್ಕೆ, ಬಣ್ಣ ಏರಿಸುವುದು.

ಪಿಟೀಲಿನ ಬೆನ್ನಿಗೆ ಬಳಸುವುದೂ ಈ ಮರವನ್ನೇ. ಇದರ ನಾರು ನೇರ ಓಡದೆ ಅಲೆಯಲೆಯಾಗಿ ಏರಿಳಿಯುತ್ತದೆ. ನಾರಿನ ತುದಿ ಮೇಲ್ಮೈಗೆ ಬಂದ ಕಡೆ ಬಣ್ಣ ಹೆಚ್ಚು ಹೀರಿ ಕಪ್ಪಾಗುತ್ತದೆ, ಮಲಗಿದ ಕಡೆ ತಿಳಿಯಾಗಿ ಉಳಿಯುತ್ತದೆ. ಹುಲಿಪಟ್ಟೆ ಮೂಡುವುದು ಹೀಗೆ. ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಹುಡಿ ಹೋಗಿ ರಂಧ್ರಗಳಲ್ಲಿ ಕೂತು ಪಟ್ಟೆ ಮಸಕಾಗುತ್ತದೆ. ಹಾಗಾಗಿ ಉಕ್ಕಿನ ತಗಡಿನಿಂದ ಕೀಸುವುದೇ ಸರಿ. ತಗಡಿನ ಅಂಚನ್ನು ಅರದಿಂದ ಚೌಕ ಮಾಡಿ, ಸಾಣೆಕಲ್ಲಿಗೆ ಹಿಡಿದು, ಗಟ್ಟಿ ಉಕ್ಕಿನ ಕಡ್ಡಿಯಿಂದ ತುಸು ಓರೆಯಾಗಿ ಒತ್ತಿ ಎಳೆದರೆ ಬೆರಳಿಗೆ ತಾಕುವಷ್ಟು ಸಣ್ಣ ಕೊಕ್ಕೆ ಏಳುತ್ತದೆ. ಅದು ಸರಿಯಾಗಿದ್ದರೆ ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಬರುತ್ತದೆ. ಬರೀ ಹುಡಿ ಬಂದರೆ ಅಂಚು ಸತ್ತಿದೆ ಎಂದರ್ಥ. ಪಟ್ಟೆಗೆ ಅಡ್ಡಲಾಗಿ ನೆಟ್ಟಗೆ ಎಳೆದರೆ ತಗಡು ಕುಣಿದು ಮೇಲ್ಮೈಯಲ್ಲಿ ಸಾಲುಗಳು ಏಳುತ್ತವೆ, ಓರೆ ಹಿಡಿಯಬೇಕು. ನಳಿಗೆಯ ಅಕ್ಕಪಕ್ಕದ ಮರ ಮೂರು ಮಿಲಿಮೀಟರಿನ ಆಸುಪಾಸಿಗೆ ಇಳಿದಿರುವುದರಿಂದ ಕೀಸುವಾಗ ನಳಿಗೆ ಅದರ ಜಾಗದಲ್ಲೇ ಇರಬೇಕು. ಬರಿದಾದ ಮುಂಭಾಗವನ್ನು ವೈಸಿಗೆ ಹಾಕಿ ಬಿಗಿದರೆ ಸೀಳುವುದು ಖಂಡಿತ.

ಕೀಸಿದ ಮೇಲೆ ನಳಿಗೆ ಬಿಚ್ಚಿಟ್ಟು, ಒದ್ದೆ ಬಟ್ಟೆಯಿಂದ ಇಡೀ ಸ್ಟಾಕ್ ಒರೆಸಿ ಹೀಟ್ ಗನ್ನಿನಿಂದ ಒಣಗಿಸಬೇಕು. ಮಲಗಿದ್ದ ನಾರಿನ ಎಳೆಗಳು ರೋಮದಂತೆ ನಿಲ್ಲುತ್ತವೆ. ಅವನ್ನು ಪಾತ್ರೆ ಉಜ್ಜುವ ಬೂದು ನೈಲಾನ್ ಪ್ಯಾಡಿನಿಂದ ತೆಗೆದು ಮತ್ತೆ ಒದ್ದೆ ಮಾಡಬೇಕು. ಎರಡು ಮೂರು ಸಲಕ್ಕೆ ಏಳುವುದು ನಿಲ್ಲುತ್ತದೆ. ಇಲ್ಲಿ ಸ್ಟೀಲ್ ವುಲ್ ಬೇಡ. ಅದರ ಚೂರು ನಾರಿನಲ್ಲಿ ಸಿಕ್ಕಿಕೊಂಡರೆ ಆಮೇಲೆ ಕರಿ ಚುಕ್ಕೆಯಾಗಿ ಕಾಣುತ್ತದೆ.

ಹಳೆಯ ಕಸುಬುದಾರರು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿ ಬಣ್ಣ ಮಾಡಿಕೊಳ್ಳುತ್ತಿದ್ದರು. ಆ ಹೊಗೆ ಶ್ವಾಸಕೋಶವನ್ನೇ ಸುಡುವಂಥದ್ದು. ಅಂಥದೇ ಕಬ್ಬಿಣದ ಲವಣವಾದ ಫೆರಿಕ್ ನೈಟ್ರೇಟ್ ಹರಳು ಸಿಗುವಾಗ ಆ ಸಾಹಸಕ್ಕೆ ಅರ್ಥವಿಲ್ಲ. ತೂಕದಲ್ಲಿ ಒಂದು ಪಾಲು ಹರಳಿಗೆ ಮೂರು ಪಾಲು ನೀರು, ಗಾಜಿನ ಬಾಟಲಿ, ಲೋಹದ ಪಟ್ಟಿಯಿಲ್ಲದ ಕುಂಚ, ಕೈಗೆ ರಬ್ಬರ್ ಗವಸು. ಕಬ್ಬಿಣದೊಡನೆ ಸೇರಿ ಬಣ್ಣ ಗಾಢವಾಗಿಸುವ ಒಗರು ಪದಾರ್ಥ ಟ್ಯಾನಿನ್ ಮೇಪಲ್‌ನಲ್ಲಿ ಕಡಿಮೆ. ಬಣ್ಣ ಗಾಢವಾಗಬೇಕೆಂದರೆ ಮೊದಲು ಟ್ಯಾನಿಕ್ ಆಮ್ಲದ ನೀರು ಬಳಿದು ಒಣಗಿಸಬಹುದು. ಅದೇ ಮರದಿಂದ ಕತ್ತರಿಸಿ ಉಳಿದ ತುಂಡಿನ ಮೇಲೆ ಮೊದಲು ಪ್ರಯೋಗ ಮಾಡದೆ ಸ್ಟಾಕ್ ಮುಟ್ಟಲೇಬಾರದು.

ಬಳಿದಾಗ ಮರ ಹಳದಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿ, ಮಾಡಿದ್ದೆಲ್ಲ ಹಾಳಾಯಿತೇನೋ ಎನಿಸುತ್ತದೆ. ಬಾಗಿಲು ತೆರೆದು, ಆಮ್ಲದ ಆವಿಗೆ ತಕ್ಕ ಮಾಸ್ಕ್ ಹಾಕಿ, ಹೀಟ್ ಗನ್ ಒಂದೇ ಕಡೆ ನಿಲ್ಲದಂತೆ ಆಡಿಸುತ್ತ ಹೋದೆ. ಆವಿ ಏಳುವುದು ನಿಂತೊಡನೆ ಬೂದಿಯೊಳಗಿನಿಂದ ಕೆಂಗಂದು ಹೊರಬಂತು, ಬಿಸಿ ಹೋದ ದಾರಿಯಲ್ಲೇ ಒಂದೊಂದು ಅಂಗೈಯಗಲ. ಬೂದಿ ಉಳಿದ ಜಾಗಕ್ಕೆ ಕಾವು ಸಾಲದಾಗಿದೆ. ಅಲ್ಲಿ ಮತ್ತೆ ಕಾಯಿಸಬೇಕು, ಮತ್ತೆ ಬಳಿಯುವುದಲ್ಲ. ಲಾಕಿನ ಸುತ್ತಲಿನ ಚೂಪು ಅಂಚು, ಮೂತಿಯ ತುದಿ ಇವೆರಡೂ ಬೇಗ ಸುಡುತ್ತವೆ.

ಆಮ್ಲದ ಶೇಷ ಉಳಿದರೆ ಆಮೇಲೆ ಲಾಕ್ ತುಕ್ಕು ಹಿಡಿಯುತ್ತದೆ. ಅದಕ್ಕೇ ಲಾಕಿನ ಗೂಡಿಗೂ ನಳಿಗೆಯ ಕಾಲುವೆಗೂ ದ್ರಾವಣ ಇಳಿಯಬಾರದು. ಹೊರಮೈಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿ, ಬರಿ ನೀರಿನಲ್ಲಿ ಮತ್ತೊಮ್ಮೆ ಒರೆಸಬೇಕು. ಕೆತ್ತನೆಯ ಮೂಲೆಗಳಲ್ಲಿ ಸೋಡಾ ಉಳಿದರೆ ಬಿಳಿ ಗೆರೆ ಬರುತ್ತದೆ.

ಇದನ್ನು ಓದಿ ಊರಿನಲ್ಲಿ ಕೈ ಹಾಕುವವರಿಗೆ ಒಂದು ಮಾತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಮೂತಿಯಿಂದ ಮದ್ದು ತುಂಬುವ ಇಂಥ ಕೋವಿಗಳನ್ನು ಪುರಾತನ ಮಾದರಿಯ ಗುಂಪಿಗೆ ಸೇರಿಸಿದೆ, ರಾಜ್ಯಗಳ ಕಾನೂನು ಬೇರೆಬೇರೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮಾಡುವುದು ಅಪರಾಧ. ಆಯುಧ ಪೂಜೆಯ ಕೈಲ್‌ಪೊದ್ ಹಬ್ಬದಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವ ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ.

ಮರ ಪೂರ್ತಿ ಆರಿದ ಮೇಲೆ ಎಣ್ಣೆ. ಕುದಿಸಿದ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ಮೊದಲ ಕೋಟ್ ಕೊಟ್ಟರೆ ಆಳಕ್ಕೆ ಇಳಿಯುತ್ತದೆ. ಮರ ಒಮ್ಮೆಲೇ ಕಪ್ಪಾಗುತ್ತದೆ, ಗಾಬರಿ ಬೇಡ: ಒಣಗಿದ ಮೇಲೆ ಕೈ ಹೆಚ್ಚು ತಾಗುವ ಜಾಗಗಳನ್ನು ಬೂದು ಪ್ಯಾಡಿನಿಂದ ಹಗುರಾಗಿ ಉಜ್ಜಿದರೆ ಪಟ್ಟೆ ಬಿಚ್ಚಿಕೊಳ್ಳುತ್ತದೆ. ಕಾಲು ಗಂಟೆಯಾದ ಮೇಲೆ ಹೆಚ್ಚಿನ ಎಣ್ಣೆ ಒರೆಸಿ ತೆಗೆಯಲೇಬೇಕು, ಇಲ್ಲದಿದ್ದರೆ ವಾರಗಟ್ಟಲೆ ಅಂಟಂಟು. ಮುಂದಿನ ಕೋಟ್‌ಗಳು ದಿನಕ್ಕೊಂದು, ಅಂಗೈಯಲ್ಲಿ ಹತ್ತಿಪ್ಪತ್ತು ಹನಿ ತೆಗೆದು ಬಿಸಿಯಾಗುವ ತನಕ ತಿಕ್ಕುವಷ್ಟೇ. ಎಣ್ಣೆ ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಬೇಕು.

ಎಣ್ಣೆ ಗಟ್ಟಿಯಾದ ಮೇಲೆ ನಳಿಗೆ ಕೂರಿಸುವಾಗ, ಅದನ್ನು ಹಿಡಿದಿಡುವ ಪಿನ್ನುಗಳಿಗೆ ಜೇನುಮೇಣ ಸವರಬೇಕು. ನಳಿಗೆಯಡಿಯ ಲೋಹದ ಕಿವಿಗಳಲ್ಲಿ ತೂತು ದುಂಡಗಿರದೆ ಉದ್ದುದ್ದ ಇರಬೇಕು. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಪಿನ್ನಿಗೆ ಸರಿಯಲು ಜಾಗವಿಲ್ಲದಿದ್ದರೆ ಸೀಳುವುದು ಆ ಮೂರು ಮಿಲಿಮೀಟರಿನ ಮರವೇ.