ಕ್ಯಾಲೆಂಡರ್ ನೋಡ್ಕೊಂಡು ಗಿರಕಿ
ಮೂರು ತಿಂಗಳಿಂದ ಸೋಲೋ ಜಾಝ್, ಅಂದರೆ ಜಾಝ್ ಸಂಗೀತಕ್ಕೆ ಜೋಡಿಯಿಲ್ಲದೆ ಒಬ್ಬರೇ ಕುಣಿಯೋ ಕುಣಿತ, ಕಲಿಯುತ್ತಿದ್ದೇನೆ. ಹೆಜ್ಜೆಗಳು ಹೇಗೋ ಕಾಲಿಗೆ ಬಂದವು. ಗಿರಕಿ ಮಾತ್ರ ಬರಲಿಲ್ಲ. ಒಂದು ಸುತ್ತು ಸುತ್ತುವಷ್ಟರಲ್ಲಿ ಫ್ರಿಜ್‌ಗೆ ಹೋಗಿ ಒರಗುತ್ತಿದ್ದೆ.

ತಪ್ಪು ಕಾಲಿನದು ಅಂದುಕೊಂಡಿದ್ದೆ. ಅಲ್ಲ, ತಲೆಯದು. ಮೈ ತಿರುಗುವಾಗ ತಲೆಯೂ ಜೊತೆಗೇ ತೇಲಿಹೋಗುತ್ತಿತ್ತು. ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಭಾನುವಾರ ಹಿಡಿದುಕೊಂಡಿದ್ದೇನೆ. ಭುಜ ತಿರುಗಿದರೂ ಕಣ್ಣು ಅಲ್ಲೇ. ಕತ್ತು ಇನ್ನು ಆಗಲ್ಲ ಅಂದಾಗ ತಲೆ ಚಟ್ಟನೆ ಸುತ್ತಿ ಮತ್ತೆ ಅದೇ ಭಾನುವಾರಕ್ಕೆ. ಇದಕ್ಕೆ ಸ್ಪಾಟಿಂಗ್ ಅಂತಾರೆ.

ಇನ್ನೊಂದು, ಭಾರ. ಎರಡು ಕಾಲಿನ ಮೇಲೆ ನಿಂತರೆ ಬುಗುರಿ ತಿರುಗುತ್ತಾ? ಒಂದೇ ಪಾದದ ಮುಂಭಾಗದ ಮೇಲೆ ಪೂರ್ತಿ ನಿಲ್ಲಬೇಕು, ಹಿಮ್ಮಡಿ ನೆಲಕ್ಕೆ ಸೋಕಿಯೂ ಸೋಕದ ಹಾಗೆ. ನಾನು ಸುಮ್ನೆ ಜೋರಾಗಿ ಕೈ ಬೀಸುತ್ತಿದ್ದೆ. ಬೀಳಿಸುತ್ತಿದ್ದದ್ದೇ ಅದು. ಕೈಗಳನ್ನು ಎದೆ ಹತ್ತಿರ ತಂದರೆ ಕಡಿಮೆ ಬಲ ಸಾಕು.

ರಬ್ಬರ್ ಅಡಿಯ ಶೂ ಬೇಡವೇ ಬೇಡ. ಪಾದ ನೆಲಕ್ಕೆ ಅಂಟಿ ಮಂಡಿ ಮಾತ್ರ ತಿರುಗುತ್ತೆ. ಒಂದು ವಾರ ನನಗೆ ಮೆಟ್ಟಿಲು ಹತ್ತೋಕೆ ಆಗಲಿಲ್ಲ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1926ರಲ್ಲಿ ಶುರುವಾದ ಸವಾಯ್ ಬಾಲ್‌ರೂಮ್ ಅನ್ನೋ ಕುಣಿತದ ಹಾಲ್‌ನಲ್ಲಿ ಬೆಳೆದ ಕುಣಿತ ಇದು. ಅಲ್ಲಿ ಕುಣಿಯುತ್ತಿದ್ದ ಫ್ರಾಂಕಿ ಮ್ಯಾನಿಂಗ್, ನಾರ್ಮಾ ಮಿಲ್ಲರ್ ಅವರ ಹಳೇ ವಿಡಿಯೊ ತುಣುಕುಗಳನ್ನು ನಿಧಾನ ಮಾಡಿ ನೋಡುತ್ತೇನೆ. ಬ್ಯಾಲೆಯವರ ಹಾಗೆ ಸೆಟೆದು ನಿಲ್ಲಲ್ಲ. ಮಂಡಿ ಬಾಗಿರುತ್ತೆ, ಮೈ ಸ್ವಲ್ಪ ಮುಂದಕ್ಕೆ. ನನಗೆ ಇದೇ ಜಾಸ್ತಿ ಇಷ್ಟ.

ನಿನ್ನೆ ಬಲಕ್ಕೆ ಎರಡು ಸುತ್ತು ಬಂತು. ಎಡಕ್ಕೆ ಇನ್ನೂ ಫ್ರಿಜ್ಜೇ ಗತಿ.