ಎಡಗಾಲೋ ಬಲಗಾಲೋ, ಮೊದಲು ಅದನ್ನು ಹೇಳಿ

ತೀರ್ಥಹಳ್ಳಿ ಬಸ್ಸಿನಲ್ಲಿ ಈ ತಲೆಬಿಸಿ ಇಲ್ಲ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡವರು ಹತ್ತಿದರೆ ಕಂಡಕ್ಟರೇ "ಏ ತಮ್ಮಾ, ಏಳು ಮಾರಾಯ, ಅಮ್ಮ ಕೂತ್ಕೊಳ್ಳಲಿ" ಅನ್ನುತ್ತಾನೆ, ತಮ್ಮ ಏಳುತ್ತಾನೆ, ಅಲ್ಲಿಗೆ ಮುಗೀತು. ವಿಮಾನದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕಿಟಕಿಗೊಂದು ರೇಟು, ಮುಂದಿನ ಸಾಲಿಗೆ ಇನ್ನೊಂದು ರೇಟು. ದುಡ್ಡು ಕೊಟ್ಟು ಆರಿಸಿಕೊಂಡವನು "ನಾನ್ಯಾಕೆ ಬಿಡಲಿ" ಅಂದರೆ ಅವನನ್ನು ಸುಮ್ನೆ ಬೈಯೋಕೂ ಆಗಲ್ಲ.

ಶಿವಮೊಗ್ಗದ ಹತ್ತಿರ ಸೋಗಾನೆಯ ಏರ್‌ಪೋರ್ಟ್ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಆಮೇಲೆ ಆಪರೇಷನ್ನು, ಚೆಕಪ್ಪು ಅಂತ ಬೆಂಗಳೂರಿಗೆ ಹೋಗಿಬರುವ ನಮ್ಮ ಕಡೆಯವರೂ ವಿಮಾನ ಹತ್ತತೊಡಗಿದರು. ಮಡಚಲಾಗದ ಕಾಲು ಇಟ್ಟುಕೊಂಡು ಮುನ್ನೂರು ಕಿಲೋಮೀಟರ್ ಕಾರಿನಲ್ಲಿ ಕೂರುವುದಕ್ಕಿಂತ ಒಂದು ಗಂಟೆ ಚಿಲ್ಲರೆ ವಾಸಿ ಅಲ್ವಾ?

ಒಂದು ಸಲ ಬೆಂಗಳೂರಿನಿಂದ ಬರುವಾಗ ಒಬ್ಬರು ಅಮ್ಮ ಮಗನ ಜೊತೆ ಹತ್ತಿದರು. ಮಂಡಿ ಆಪರೇಷನ್ ಆಗಿತ್ತು. ಸಿಕ್ಕಿದ್ದು ಕಿಟಕಿ ಪಕ್ಕದ ಸೀಟು. ಎಟಿಆರ್ ಅನ್ನೋ ಸಣ್ಣ ವಿಮಾನದಲ್ಲಿ ಆ ಕಡೆ ಎರಡು ಈ ಕಡೆ ಎರಡು ಸೀಟು, ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಗೇಣೂ ಇರಲ್ಲ. ನಾನು ಎಡಬದಿಯ ಸಾಲಿನಲ್ಲಿ, ನಡುದಾರಿಯ ಪಕ್ಕ ಕೂತಿದ್ದೆ. "ಬನ್ನಿ ಅಮ್ಮ, ಇಲ್ಲಿ ಕೂತ್ಕೊಳ್ಳಿ" ಅಂತ ಎದ್ದೆ. ಅವರು "ಅಯ್ಯೋ, ಪರವಾಗಿಲ್ಲ ಬಿಡಿ, ಹೇಗೋ ಆಗತ್ತೆ" ಅಂದರು. ನಮ್ಮ ಕಡೆಯವರ ಮಾಮೂಲಿ ಉತ್ತರ. ಮಗ ಮಾತ್ರ ಸರಿಯಾಗಿ ಹೇಳಿದ: "ಇವರಿಗೆ ಎಡಗಾಲು ಸಾರ್. ಈ ಕಡೆ ಕೂತರೆ ಬಲಗಾಲು ಮಾತ್ರ ಹೊರಗೆ ಬರತ್ತೆ."

ನಿಜ. ಎಡಗಾಲು ದಾರಿಗೆ ಚಾಚಬೇಕಾದರೆ ವಿಮಾನದ ಬಲಬದಿಯ ಸಾಲಿನಲ್ಲಿ ಕೂರಬೇಕು. ಅಲ್ಲಿ, ನನ್ನ ಎದುರು ಬದಿಯಲ್ಲೇ, ಲ್ಯಾಪ್‌ಟಾಪ್ ಬ್ಯಾಗು ತಬ್ಬಿಕೊಂಡ ಒಬ್ಬ ಹುಡುಗ. ಅಮ್ಮನ ಕಿಟಕಿ ಸೀಟಿಗೆ ಹೋಗುತ್ತೀರಾ ಅಂತ ಗಗನಸಖಿ ಕೇಳಿದಾಗ "ನಾನು ಎಕ್ಸ್‌ಟ್ರಾ ಕೊಟ್ಟು ತಗೊಂಡಿದ್ದು" ಅಂದ. ನೀನು ನನ್ನ ಸೀಟಿಗೆ ಬಾ, ಅದೂ ದಾರಿ ಪಕ್ಕದ್ದೇ, ನಾನು ಕಿಟಕಿಗೆ ಹೋಗ್ತೀನಿ ಅಂದೆ. ಒಂದು ಕ್ಷಣ ಲೆಕ್ಕ ಹಾಕಿ ಎದ್ದುಬಂದ. ಟೇಕಾಫ್ ಹೊತ್ತಿಗೆ ಕಾಲು ಒಳಗೆ ಎಳೆದುಕೊಳ್ಳಲೇಬೇಕು, ಆಗ ಆ ಅಮ್ಮ ಹಲ್ಲು ಕಚ್ಚಿಕೊಂಡೇ ಇದ್ದರು. ಬೆಲ್ಟಿನ ದೀಪ ಆರಿದ ಮೇಲೆ ಕಾಲು ಚಾಚಿದರು, ಮಗ ತನ್ನ ಸ್ವೆಟರ್ ಮಡಚಿ ಮಂಡಿಯಡಿ ಇಟ್ಟ.

ಆ ಹುಡುಗ ಕೆಟ್ಟವನು ಅಂತ ನನಗೆ ಅನಿಸಲಿಲ್ಲ. ಒಳ್ಳೇ ಸೀಟು ಬಿಟ್ಟು ಕೆಟ್ಟ ಸೀಟಿಗೆ ಹೋಗು ಅಂದರೆ ಜನ ಮುಖ ಗಂಟು ಹಾಕ್ತಾರೆ, ಅದೇ ತರದ್ದು ಕೊಟ್ಟರೆ ಏಳುತ್ತಾರೆ. ನಾವೇ ಎದ್ದು ಅದಲುಬದಲು ಮಾಡಿಕೊಳ್ಳುವುದೂ ಸರಿಯಲ್ಲ. ಸಣ್ಣ ವಿಮಾನದಲ್ಲಿ ಹಿಂದೆ ಮುಂದೆ ತೂಕದ ಲೆಕ್ಕ ಇರುತ್ತದೆ, ಸಿಬ್ಬಂದಿಯನ್ನು ಕೇಳಿಯೇ ಕದಲಬೇಕು. ತುರ್ತು ಬಾಗಿಲ ಪಕ್ಕದಲ್ಲಿ ಕಾಲು ಚಾಚಲು ಜಾಗ ಜಾಸ್ತಿ ಇದ್ದರೂ ಕಾಲು ಸರಿಯಿಲ್ಲದವರನ್ನು ಅಲ್ಲಿ ಕೂರಿಸುವುದಿಲ್ಲ.

ಇನ್ನು ಕೆಲವರು "ನೋಡೋಕೆ ಗಟ್ಟಿಮುಟ್ಟಾಗೇ ಇದ್ದಾರಲ್ಲ" ಅಂತ ಗೊಣಗುವುದಿದೆ. ದೊಡ್ಡ ವಿಮಾನ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ. ನಮ್ಮ ಮುಳ್ಳಯ್ಯನಗಿರಿ ತುದಿ ಸುಮಾರು 6,300 ಅಡಿ. ಶ್ವಾಸಕೋಶ ಸರಿಯಿಲ್ಲದವರಿಗೆ ಅಲ್ಲಿ ಸುಮ್ಮನೆ ಕೂತರೂ ಏದುಸಿರು ಬರಬಹುದು, ಮುಖ ನೋಡಿದರೆ ಗೊತ್ತಾಗಲ್ಲ. ಪದೇ ಪದೇ ಟಾಯ್ಲೆಟ್ಟಿಗೆ ಹೋಗಬೇಕಾದವರೂ ಎಲ್ಲರೆದುರು ಕಾರಣ ಹೇಳಬೇಕಾ? ನಾನು ಏನು ಕಾಯಿಲೆ ಅಂತ ಕೇಳಲ್ಲ. ಹತ್ತರಲ್ಲಿ ಒಬ್ಬ ಸುಳ್ಳು ಹೇಳಿದರೆ ಹೇಳಿಕೊಳ್ಳಲಿ, ನನಗೆ ಹೋಗುವುದು ಒಂದು ಕಿಟಕಿ.

ಆದರೆ ಇದೆಲ್ಲ ವಿಮಾನದೊಳಗೆ, ಪಕ್ಕದವರ ಮನಸ್ಸು ನೋಡಿಕೊಂಡು ನಡೆಯುವ ಕೆಲಸ ಆಗಲೇಬಾರದು. ಓಡಾಡಲು ಕಷ್ಟ ಇರುವವರು ಹೊರಡುವ 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಬೇಕು ಅಂತ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ. ಹಾಗೆ ತಿಳಿಸುವಾಗ ಬರೀ "ಪೇಷಂಟ್ ಇದ್ದಾರೆ" ಅಂದರೆ ವೀಲ್‌ಚೇರ್ ಬರುತ್ತದೆ, ಅಷ್ಟೇ. ಯಾವ ಕಾಲು, ಎಷ್ಟು ಮಡಚುತ್ತದೆ, ಮೆಟ್ಟಿಲು ಹತ್ತೋಕಾಗುತ್ತದಾ, ಇಷ್ಟನ್ನೂ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ. ಸ್ಟ್ರೆಚರ್ ಬೇಕಾದರೆ ಅದು ಬೇರೆಯೇ ಏರ್ಪಾಡು, ಹಲವು ಸೀಟು ಮಡಚಿ ಜಾಗ ಮಾಡಬೇಕು, ಎಲ್ಲ ವಿಮಾನದಲ್ಲೂ ಆಗುವುದಿಲ್ಲ.

ಸೀಟು ಬದಲಾಯಿಸುವುದು ಒಂದು, ವಿಮಾನವನ್ನೇ ಬಿಟ್ಟುಕೊಡುವುದು ಇನ್ನೊಂದು. ಸೀಟಿಗಿಂತ ಟಿಕೆಟ್ ಜಾಸ್ತಿ ಮಾರಿದ್ದರೆ ಕಂಪನಿ ಮೊದಲು "ಯಾರಾದರೂ ಬಿಟ್ಟುಕೊಡ್ತೀರಾ" ಅಂತ ಕೇಳಬೇಕು, ಬದಲಿಗೆ ಏನಾದರೂ ಕೊಡಬೇಕು. ಒಪ್ಪದವರನ್ನು ಬಲವಂತವಾಗಿ ಬಿಟ್ಟುಹೋದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದಲ್ಲಿ, ಪರಿಹಾರ ಕೊಡಬೇಕು. 24 ಗಂಟೆಯೊಳಗಿನ ವಿಮಾನವಾದರೆ ಗರಿಷ್ಠ 10,000 ರೂಪಾಯಿ, ಅದಕ್ಕೂ ತಡವಾದರೆ 20,000. ನೀವಾಗಿಯೇ ಹೂಂ ಅಂದರೆ ಈ ಲೆಕ್ಕ ಇಲ್ಲ, ಮಾತಾಡಿಕೊಂಡಷ್ಟೇ ಸಿಗುವುದು. ಆಸ್ಪತ್ರೆಗೆ ಹೋಗುವವರಿಗೆ ಜಾಗ ಬೇಕು ಅಂದರೆ ಖಂಡಿತ ಬಿಡಿ, ಆದರೆ ಬದಲಿ ಟಿಕೆಟ್ ಮೆಸೇಜು ಫೋನಿಗೆ ಬಂದ ಮೇಲೆ ಬ್ಯಾಗ್ ಎತ್ತಿಕೊಳ್ಳಿ. ಶಿವಮೊಗ್ಗಕ್ಕೆ ಗಂಟೆಗೊಂದು ವಿಮಾನ ಇಲ್ಲ, ಮುಂದಿನದು ನಾಳೆಯೇ ಇರಬಹುದು. ಜನಶತಾಬ್ದಿ ರೈಲಿನಲ್ಲಿ ಸೀಟು ಉಂಟಾ ಅಂತ ಒಮ್ಮೆ ನೋಡಿಕೊಂಡು ಹೂಂ ಅನ್ನಿ.