ಪದೇ ಪದೇ ಅನುಮತಿ ಕೇಳುವ ಕಂಪ್ಯೂಟರ್: ಪ್ರಾಂಪ್ಟ್ ಆಫ್ ಮಾಡಬೇಡಿ, ಕೇಳುತ್ತಿರುವ ಪ್ರೋಗ್ರಾಮನ್ನು ಸರಿ ಮಾಡಿ

ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ಸರ್ವಿಸ್ ಮಾಡುವವರಿಗೆ ತಪ್ಪದೇ ಎದುರಾಗುವ ಕೋರಿಕೆ ಇದು: “ಸರ್, ಏನ್ ಓಪನ್ ಮಾಡಿದ್ರೂ ಪರ್ಮಿಷನ್ ಕೇಳತ್ತೆ. ಅದು ಬರದೇ ಇರೋ ಹಾಗೆ ಮಾಡ್ಕೊಡಿ.” ಹೀಗೆ ಅನುಮತಿ ಕೇಳುವ ಕಿಟಕಿಯೇ ಪ್ರಾಂಪ್ಟ್, ವಿಂಡೋಸ್‌ನಲ್ಲಿ ಅದನ್ನು ತೋರಿಸುವ ವ್ಯವಸ್ಥೆ ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್). ಅದರ ಸ್ಲೈಡರನ್ನು ಪೂರ್ತಿ ಕೆಳಗಿಳಿಸಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಗ್ರಾಹಕರಿಗೂ ಖುಷಿ. ಆದರೆ ಹಾಗೆ ಮಾಡಬಾರದು. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೂ, ಮನೆಯಲ್ಲಿ ತಾವೇ ಸರಿಮಾಡಿಕೊಳ್ಳುವವರಿಗೂ ಇದನ್ನು ಬರೆಯುತ್ತಿದ್ದೇವೆ.

ಯುಎಸಿ ವಿಂಡೋಸ್ ವಿಸ್ತಾ ಜೊತೆ 2007ರಲ್ಲಿ ಮನೆಗಳಿಗೆ ಬಂತು. ನಾಲ್ಕು ಹಂತದ ಸ್ಲೈಡರ್ ಬಂದದ್ದು 2009ರ ವಿಂಡೋಸ್ 7ರಲ್ಲಿ. ಕಂಪ್ಯೂಟರ್ ಕೊಂಡಾಗ ಅದು ಮೇಲಿನಿಂದ ಎರಡನೇ ಹಂತದಲ್ಲಿರುತ್ತದೆ. ಪೂರ್ತಿ ಕೆಳಗಿಳಿಸಿದರೆ, ಅಡ್ಮಿನ್ ಅಕೌಂಟ್‌ನಲ್ಲಿ (ಇಡೀ ಕಂಪ್ಯೂಟರನ್ನು ಬದಲಿಸುವ ಅಧಿಕಾರ ಇರುವ ಅಕೌಂಟ್) ಯಾವ ಪ್ರೋಗ್ರಾಮ್ ಅಧಿಕಾರ ಕೇಳಿದರೂ ಸದ್ದಿಲ್ಲದೆ ಸಿಗುತ್ತದೆ. ಅಷ್ಟು ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿ ಇದರ ಉಲ್ಟಾ, ಕೇಳಿದ್ದೆಲ್ಲ ಸದ್ದಿಲ್ಲದೆ ತಿರಸ್ಕಾರ. “ಏನೂ ಇನ್‌ಸ್ಟಾಲ್ ಆಗ್ತಿಲ್ಲ” ಎಂಬ ದೂರು ಬಂದಾಗ ಸ್ಲೈಡರ್ ಕೆಳಗಿದೆಯೇ ಎಂದು ಮೊದಲು ನೋಡಿ. ಮೂರನೇ ಹಂತವೂ ಬೇಡ, ಅದರಲ್ಲಿ ಪರದೆ ಮಂಕಾಗುವುದಿಲ್ಲ. ಪ್ರಾಂಪ್ಟ್ ಬಂದಾಗ ಹಿಂದಿನ ಪರದೆ ಮಂಕಾಗುವುದು ಸುಮ್ಮನೆ ಅಲ್ಲ. ಆ ಹೊತ್ತಿನಲ್ಲಿ ಬೇರೆ ಪ್ರೋಗ್ರಾಮ್‌ಗಳು ಪ್ರಾಂಪ್ಟ್ ಮೇಲೆ ತಮ್ಮ ಕಿಟಕಿ ತೂರಿಸಲು, ತಾವೇ ‘ಯೆಸ್’ ಒತ್ತಲು ಆಗದಂತೆ ಅದು ತಡೆಯುತ್ತದೆ.

ಜನ ಎಲ್ಲವನ್ನೂ ‘ಪಾಪ್‌ಅಪ್’ ಅಂತಲೇ ಹೇಳುತ್ತಾರೆ. ಹಾಗಾಗಿ ಯಾವುದು ಬರುತ್ತಿದೆ ಎಂದು ಕಣ್ಣಾರೆ ನೋಡಿ. ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಎಂದಿದ್ದರೆ ಅದು ಸ್ಮಾರ್ಟ್‌ಸ್ಕ್ರೀನ್. ಇಂಟರ್‌ನೆಟ್‌ನಿಂದ ಇಳಿಸಿದ ಫೈಲಿಗೆ ಅಂಟಿದ ಗುರುತಿನಿಂದ ಬರುತ್ತದೆ. ಫೈಲ್ ನಂಬಿಕೆಯ ಕಡೆಯಿಂದಲೇ ಬಂದಿದ್ದರೆ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಿದರೆ ಸಾಕು. ಪ್ರೈವೇಟ್, ಪಬ್ಲಿಕ್ ನೆಟ್‌ವರ್ಕ್ ಎಂದು ಕೇಳಿದರೆ ಅದು ಫೈರ್‌ವಾಲ್. ಮನೆಯ ವೈಫೈಗೆ ಪ್ರೈವೇಟ್ ಮಾತ್ರ ಕೊಡಿ. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಎಂದು ಹೆದರಿಸುವುದು ಎಷ್ಟೋ ಸಲ ಬ್ರೌಸರ್ ನೋಟಿಫಿಕೇಶನ್. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಒಳಗೆ ಹೋಗಿ ಗುರುತಿಲ್ಲದ ಸೈಟುಗಳನ್ನು ತೆಗೆದುಹಾಕಿದರೆ ನಿಲ್ಲುತ್ತದೆ.

ಯುಎಸಿಯೇ ಆಗಿದ್ದರೆ ಹಳದಿ ಪಟ್ಟಿ ಎಂದರೆ ತಯಾರಕರ ಡಿಜಿಟಲ್ ಸಹಿ ಇಲ್ಲ, ನೀಲಿ ಎಂದರೆ ಇದೆ. ನೀಲಿ ಕಂಡ ಕೂಡಲೇ ‘ಯೆಸ್’ ಒತ್ತುವುದು ದೊಡ್ಡ ಅಪಾಯ. ‘ವಿಂಡೋಸ್ ಕಮಾಂಡ್ ಪ್ರೊಸೆಸರ್’ ಅಥವಾ ‘ಪವರ್‌ಶೆಲ್’ ಎಂಬ ಹೆಸರು, ಕೆಳಗೆ ಮೈಕ್ರೋಸಾಫ್ಟ್ ಸಹಿ ಇದ್ದರೂ, ಅದರೊಳಗೆ ಓಡಲಿರುವ ಆಜ್ಞೆ ಯಾರದ್ದೋ ಆಗಿರಬಹುದು. ‘ಶೋ ಮೋರ್ ಡೀಟೇಲ್ಸ್’ ಒತ್ತಿದರೆ ಪ್ರೋಗ್ರಾಮ್ ಎಲ್ಲಿದೆ, ಯಾವ ಆಜ್ಞೆಯೊಂದಿಗೆ ಶುರುವಾಗುತ್ತಿದೆ ಎಂಬುದು ಕಾಣುತ್ತದೆ. ಟೆಂಪ್ ಫೋಲ್ಡರಿನ ವಿಳಾಸ, ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಕಂಡರೆ ‘ನೋ’. ನೀವಾಗಿ ಏನನ್ನೂ ತೆರೆಯದೇ ಇದ್ದಾಗ ಬಂದ ಪ್ರಾಂಪ್ಟಿಗೂ ‘ನೋ’.

ಇನ್ನು ದಿನಾ ಕಾಡುವ ಪ್ರಾಂಪ್ಟ್. ಇದರ ಹಿಂದೆ ಸಾಮಾನ್ಯವಾಗಿ ಒಂದೆರಡು ಹಳೆಯ ಪ್ರೋಗ್ರಾಮ್ ಇರುತ್ತವೆ: ಬಿಲ್ಲಿಂಗ್ ತಂತ್ರಾಂಶ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ನ ಸಹಾಯಕ ಪ್ರೋಗ್ರಾಮ್, ಪ್ರಿಂಟರ್ ಅಪ್‌ಡೇಟರ್. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಟ್ಯಾಬ್ ನೋಡಿ. ‘ರನ್ ದಿಸ್ ಪ್ರೋಗ್ರಾಮ್ ಆಸ್ ಆನ್ ಅಡ್ಮಿನಿಸ್ಟ್ರೇಟರ್’ಗೆ ಹಿಂದೆ ಯಾರೋ ಟಿಕ್ ಹಾಕಿರುತ್ತಾರೆ. ಕೆಳಗೆ ‘ಚೇಂಜ್ ಸೆಟ್ಟಿಂಗ್ಸ್ ಫಾರ್ ಆಲ್ ಯೂಸರ್ಸ್’ ಒಳಗೂ ಅದೇ ಟಿಕ್ ಇರಬಹುದು, ಎರಡೂ ಕಡೆ ನೋಡಬೇಕು.

ಆದರೆ ಟಿಕ್ ತೆಗೆಯುವ ಮೊದಲು ಡೇಟಾ ಎಲ್ಲಿದೆ ಎಂದು ಹುಡುಕಿ, ಎಡವುವುದು ಇಲ್ಲೇ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಬರೆಯಲು ಅಡ್ಮಿನ್ ಅಧಿಕಾರ ಬೇಕು. ಅಧಿಕಾರವಿಲ್ಲದೆ ಅಲ್ಲಿ ಬರೆಯಲು ಹೊರಟ ಹಳೆಯ 32 ಬಿಟ್ ಪ್ರೋಗ್ರಾಮಿಗೆ ವಿಂಡೋಸ್ ‘ಆಗಲ್ಲ’ ಎನ್ನುವುದಿಲ್ಲ. ಬರೆದದ್ದನ್ನು ಬಳಕೆದಾರರ ಫೋಲ್ಡರಿನ ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಒಳಗೆ ಗುಟ್ಟಾಗಿ ಇಡುತ್ತದೆ. ಒಂದು ದಿನ ಅಡ್ಮಿನ್ ಆಗಿ, ಇನ್ನೊಂದು ದಿನ ಹಾಗೇ ತೆರೆದರೆ ಲೆಕ್ಕ ಎರಡು ಕಡೆ ಹಂಚಿಹೋಗುತ್ತದೆ. “ನಿನ್ನೆ ಹಾಕಿದ ಎಂಟ್ರಿನೇ ಇಲ್ಲ” ಎನ್ನುವುದು ಆಗಲೇ. ಎರಡೂ ಫೈಲುಗಳ ದಿನಾಂಕ, ಗಾತ್ರ ಹೋಲಿಸಿ, ಎರಡನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟುಕೊಂಡೇ ಕೈಹಾಕಿ.

ಆಮೇಲೆ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲೇ ಡೇಟಾ ಜಾಗವನ್ನು ಡಿ ಡ್ರೈವಿಗೋ ಡಾಕ್ಯುಮೆಂಟ್ಸ್‌ಗೋ ಬದಲಿಸಿ. ಅದಕ್ಕೆ ಅವಕಾಶ ಇಲ್ಲದಿದ್ದರೆ ಡೇಟಾ ಫೋಲ್ಡರಿನ ಸೆಕ್ಯೂರಿಟಿ ಟ್ಯಾಬ್‌ನಲ್ಲಿ ‘ಯೂಸರ್ಸ್’ಗೆ ‘ಮಾಡಿಫೈ’ (ಬದಲಿಸುವ ಅನುಮತಿ) ಕೊಡಿ. ಡೇಟಾ ಫೋಲ್ಡರಿಗೆ ಮಾತ್ರ. ಇಡೀ ಪ್ರೋಗ್ರಾಮ್ ಫೈಲ್ಸ್‌ಗೆ ಕೊಟ್ಟರೆ ಮನೆಯ ಬಾಗಿಲನ್ನೇ ಕಿತ್ತಿಟ್ಟಂತೆ.

ನಿಜಕ್ಕೂ ಅಡ್ಮಿನ್ ಅಧಿಕಾರ ಬೇಕಾದ, ದಿನಾ ಬಳಸುವ ಪ್ರೋಗ್ರಾಮ್ ಇದ್ದರೆ, ಪ್ರಾಂಪ್ಟ್ ಇಲ್ಲದೆ ಅದನ್ನು ಶುರು ಮಾಡಲು ವಿಂಡೋಸ್‌ನಲ್ಲೇ ಟಾಸ್ಕ್ ಶೆಡ್ಯೂಲರ್ ಇದೆ. ‘ಕ್ರಿಯೇಟ್ ಟಾಸ್ಕ್’ ತೆರೆದು ಸ್ಪೇಸ್ ಇಲ್ಲದ ಹೆಸರು ಕೊಟ್ಟು, ‘ರನ್ ವಿತ್ ಹೈಯೆಸ್ಟ್ ಪ್ರಿವಿಲೆಜಸ್’ ಟಿಕ್ ಮಾಡಿ. ‘ರನ್ ಓನ್ಲಿ ವೆನ್ ಯೂಸರ್ ಈಸ್ ಲಾಗ್ಡ್ ಆನ್’ ಹಾಗೇ ಇರಲಿ, ಬದಲಿಸಿದರೆ ಕಿಟಕಿಯೇ ಕಾಣುವುದಿಲ್ಲ. ಟ್ರಿಗರ್ (ತಾನಾಗಿ ಯಾವಾಗ ಶುರುವಾಗಬೇಕು ಎಂಬುದು) ಖಾಲಿ ಬಿಡಿ. ಆಕ್ಷನ್ಸ್‌ನಲ್ಲಿ ಪ್ರೋಗ್ರಾಮಿನ ಜೊತೆ ‘ಸ್ಟಾರ್ಟ್ ಇನ್’ಗೆ ಅದರ ಫೋಲ್ಡರನ್ನೂ ಕೋಟ್ ಇಲ್ಲದೆ ತುಂಬಿ, ಬಿಟ್ಟರೆ ಹಳೆಯ ತಂತ್ರಾಂಶಗಳಿಗೆ ತಮ್ಮ ಫೈಲುಗಳೇ ಸಿಗುವುದಿಲ್ಲ. ಕಂಡೀಷನ್ಸ್‌ನಲ್ಲಿ ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು ಎಂಬ ಟಿಕ್ ಮೊದಲೇ ಇರುತ್ತದೆ, ತೆಗೆಯಿರಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಶಾರ್ಟ್‌ಕಟ್ ಒತ್ತಿದರೂ ಏನೂ ಆಗುವುದಿಲ್ಲ, ಏಕೆ ಎಂದು ಯಾವ ಸಂದೇಶವೂ ಬರುವುದಿಲ್ಲ. ಕೊನೆಗೆ ಡೆಸ್ಕ್‌ಟಾಪ್‌ನಲ್ಲಿ ಹೊಸ ಶಾರ್ಟ್‌ಕಟ್ ಮಾಡಿ ಬರೆಯಬೇಕಾದ್ದು, ಫೋನಿನಲ್ಲಿ ಹೇಳಿಕೊಡುವ ಹಾಗೆ: ಎಸ್, ಸಿ, ಎಚ್, ಟಾಸ್ಕ್ಸ್, ಎಲ್ಲ ಕೂಡಿಸಿ, ಸ್ಪೇಸ್, ಸ್ಲ್ಯಾಶ್ ರನ್, ಸ್ಪೇಸ್, ಸ್ಲ್ಯಾಶ್ ಟಿ ಎನ್, ಸ್ಪೇಸ್, ಟಾಸ್ಕ್ ಹೆಸರು.

ಹೀಗೆ ಕೇಳದೇ ಅಧಿಕಾರ ಪಡೆಯುವ ಪ್ರೋಗ್ರಾಮ್ ಡೌನ್‌ಲೋಡ್ಸ್ ಅಥವಾ ಡಿ ಡ್ರೈವ್‌ನಲ್ಲಿ ಇರಲೇಬಾರದು. ಅಲ್ಲಿನ ಫೈಲನ್ನು ಯಾವ ಕಳ್ಳ ಪ್ರೋಗ್ರಾಮ್ ಬೇಕಾದರೂ ಬದಲಿಸಬಹುದು, ಮುಂದಿನ ಸಲ ನಿಮ್ಮ ಶಾರ್ಟ್‌ಕಟ್ ಅದಕ್ಕೇ ಅಧಿಕಾರ ಕೊಡುತ್ತದೆ. ಪ್ರೋಗ್ರಾಮ್ ಫೈಲ್ಸ್ ಒಳಗೇ ಇರಬೇಕು, ಆ ಪ್ರೋಗ್ರಾಮ್ ಇರುವ ಫೋಲ್ಡರಿಗೆ ‘ಮಾಡಿಫೈ’ ಕೊಟ್ಟಿರಬಾರದು.

ಅಡ್ಮಿನ್ ಆಗಿ ತೆರೆದ ಕಿಟಕಿಗೆ ಫೈಲ್ ಎಳೆದು ಹಾಕಲು ಆಗುವುದಿಲ್ಲ. ಕೀಬೋರ್ಡನ್ನು ಹಿಡಿದು ಕನ್ನಡ ಮೂಡಿಸುವ ತಂತ್ರಾಂಶಗಳೂ ಅಡ್ಮಿನ್ ಅಧಿಕಾರವಿಲ್ಲದೆ ಶುರುವಾಗಿದ್ದರೆ ಅದರೊಳಗೆ ಕೆಲಸ ಮಾಡದೇ ಇರಬಹುದು. ಕೆಳಗಿನ ಅಧಿಕಾರದ ಪ್ರೋಗ್ರಾಮ್ ಮೇಲಿನದಕ್ಕೆ ಕೀಬೋರ್ಡ್ ಅಕ್ಷರ ಕಳಿಸದಂತೆ ವಿಂಡೋಸ್ ತಡೆಯುವುದೇ ಕಾರಣ. “ಎಲ್ಲಾ ಕಡೆ ಕನ್ನಡ ಬರತ್ತೆ, ಬಿಲ್ಲಿಂಗಲ್ಲಿ ಮಾತ್ರ ಬರಲ್ಲ” ಎಂದರೆ ಫಾಂಟ್ ಬದಲಿಸುವ ಮೊದಲು ಇದನ್ನು ನೋಡಿ.

ಮಕ್ಕಳು, ಹಿರಿಯರು ಬಳಸುವ ಕಂಪ್ಯೂಟರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಒಳ್ಳೆಯದು. ಮೊದಲು ಹೊಸ ಅಡ್ಮಿನ್ ಅಕೌಂಟ್ ಮಾಡಿ, ಅದರಲ್ಲಿ ಒಮ್ಮೆ ಲಾಗಿನ್ ಆಗಿ ಪಾಸ್‌ವರ್ಡ್ ಖಚಿತಪಡಿಸಿಕೊಂಡ ನಂತರವೇ ದಿನಬಳಕೆಯ ಅಕೌಂಟನ್ನು ಸ್ಟ್ಯಾಂಡರ್ಡ್ ಮಾಡಿ. ಇಲ್ಲಿ ಮೇಲಿನ ಟಾಸ್ಕ್ ಉಪಾಯ ನಡೆಯುವುದಿಲ್ಲ, ಸ್ಟ್ಯಾಂಡರ್ಡ್ ಅಕೌಂಟಿಗೆ ‘ಹೈಯೆಸ್ಟ್’ ಎಂದರೂ ಅಷ್ಟೇ ಅಧಿಕಾರ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ತೆರೆದ ಪ್ರೋಗ್ರಾಮ್ ಆ ಅಡ್ಮಿನ್ ಹೆಸರಿನಲ್ಲೇ ಓಡುವುದರಿಂದ, ಅದರಲ್ಲಿ ಡಾಕ್ಯುಮೆಂಟ್ಸ್‌ಗೆ ಸೇವ್ ಮಾಡಿದ ಫೈಲ್ ಅಡ್ಮಿನ್ ಡಾಕ್ಯುಮೆಂಟ್ಸ್‌ಗೆ ಹೋಗಿರುತ್ತದೆ. ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸದೆ ಮನೆಯ ಒಬ್ಬರು ಹಿರಿಯರ ಡೈರಿಯಲ್ಲಿ ಬರೆಸಿ.

ಫೋನ್ ಮಾಡಿ, ಸ್ಕ್ರೀನ್ ಹಂಚಿಕೊಳ್ಳುವ ಆಪ್ ಹಾಕಿಸಿ “ಯೆಸ್ ಒತ್ತಿ ಅಮ್ಮಾ” ಎನ್ನುವ ಅಪರಿಚಿತರ ಬಗ್ಗೆ ಮನೆಯವರಿಗೆ ಬಿಡಿಸಿ ಹೇಳಿ. ಒತ್ತಿಬಿಟ್ಟಿದ್ದರೆ ಮೊದಲು ವೈಫೈ ಆಫ್ ಮಾಡಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.